ಸೋಫಾ ಸಂದಿಯ ಓಲೆ

ಮನೆಗೆಲಸದವಳು ಬಂದಾಗ ಮನೆಯವರು ಎಲ್ಲಿ ಕೂರಬೇಕು ಅನ್ನೋದು ನನ್ನ ಮಗ, ಸೊಸೆ ಇಬ್ಬರಿಗೂ ಇವತ್ತಿಗೂ ಗೊತ್ತಾಗಿಲ್ಲ. ಸೊಸೆ ಲ್ಯಾಪ್‌ಟಾಪ್ ಎತ್ತಿಕೊಂಡು ರೂಮು ಸೇರಿ ಬಾಗಿಲು ಹಾಕ್ಕೊಳ್ತಾಳೆ. ಮಗ ಚಪ್ಪಲಿ ಮೆಟ್ಟಿಕೊಂಡು, "ಇಲ್ಲೇ ಅಂಗಡಿಗೆ ಹೋಗಿ ಬಂದೆ" ಅಂತ ಮಾಯವಾಗ್ತಾನೆ. ಇನ್ನೊಬ್ಬರು ಬಗ್ಗಿ ನೆಲ ಒರೆಸುವಾಗ ಕಾಲು ಚಾಚಿ ಕೂರೋಕೆ ಮುಜುಗರವಂತೆ. ಅಯ್ಯೋ, ಮುಜುಗರ! ನಾನಂತೂ ಹಾಲ್‌ನ ಸೋಫಾದಲ್ಲಿ, ಕೆಟ್ಟ ಮಂಡಿಯನ್ನ ಸ್ಟೂಲಿನ ಮೇಲಿಟ್ಟುಕೊಂಡು, ಕಣ್ಣು ಬಿಟ್ಟು ಕೂತು ನೋಡ್ತೀನಿ.

ನೋಡೋದೇ ನನ್ನ ಕಸುಬು. ದೊಡ್ಡ ಹೋಟೆಲಲ್ಲಿ ರೂಮು ಕ್ಲೀನ್ ಮಾಡೋ ಹೆಂಗಸರಿಗೆಲ್ಲ ನಾನೇ ಸೂಪರ್‌ವೈಸರ್ ಆಗಿದ್ದೆ. ಬೆನ್ನ ಹಿಂದೆ ನನ್ನನ್ನ 'ಭೂತಗನ್ನಡಿ' ಅಂತಿದ್ದರು. ಗೊತ್ತಾದಾಗ ನನಗೆ ಹೆಮ್ಮೆಯೇ ಆಯ್ತು. ಹೊಸಬಳು ಸೇರಿದರೆ ಮೊದಲು ಗಾಳ ಹಾಕ್ತಿದ್ದೆ. ದಿಂಬಿನ ಕೆಳಗೆ ವಾಚೋ ಉಂಗುರವೋ, ಗಿರಾಕಿ ಮರೆತು ಹೋದ ಹಾಗೆ ಇಟ್ಟುಬಿಡೋದು. ತಂದುಕೊಟ್ಟರೆ ಕೆಲಸ ಖಾಯಂ. ಮಡಿಲಿಗೆ ಇಳಿಸಿಕೊಂಡರೆ ಅವತ್ತೇ ಗೇಟು. ವಸ್ತು ಅಲ್ಲೇ ಇದ್ದರೆ ಅವಳು ದಿಂಬೇ ಎತ್ತಿಲ್ಲ ಅಂತ, ಅವಳಿಗೂ ಗೇಟು.

ಈ ಮನೆಗೆ ಬಂದ ಮೂವರನ್ನ ನಾನು ತಪ್ಪು ಹುಡುಕಿ, ಬೈದು ಓಡಿಸಿದೆ. ಒಬ್ಬಳು ಮೂಲೆ ಬಿಡ್ತಿದ್ದಳು. ಇನ್ನೊಬ್ಬಳು ಒಂದೇ ಬಟ್ಟೆಯಲ್ಲಿ ಬಚ್ಚಲನ್ನೂ ಒರೆಸಿ ಅಡುಗೆ ಕಟ್ಟೆಯನ್ನೂ ಒರೆಸೋ ಪುಣ್ಯಾತ್ಗಿತ್ತಿ. ಮೂರನೆಯವಳು ಚೆನ್ನಾಗೇ ಮಾಡ್ತಿದ್ದಳು, ಆದರೆ ಹಾಡು ಗುನುಗ್ತಿದ್ದಳು, ನನಗೆ ಆಗಲಿಲ್ಲ. ಅವಳು ಅಳ್ತಾ ಹೋದ ದಿನ ಮಗ ನನ್ನೆದುರು ಕುರ್ಚಿ ಎಳೆದುಕೊಂಡು ಕೂತ.

"ಅಮ್ಮಾ, ಇದೇ ಕೊನೆ. ನಾವಿಬ್ಬರೂ ದುಡಿಯೋರು, ಕೆಲಸದವರಿಲ್ಲದೆ ಆಗಲ್ಲ. ಇನ್ನೊಬ್ಬಳು ನಿನ್ನಿಂದ ಬಿಟ್ಟು ಹೋದ್ರೆ ನಿನ್ನನ್ನ ಅಕ್ಕನ ಮನೆಗೆ ಬಿಟ್ಟು ಬರ್ತೀನಿ."

ಅವನ ಅಕ್ಕ ಅಂದರೆ ನನ್ನ ಮಗಳು. ಅವಳು ಬಹಳ ದಿನದಿಂದ ಕರೀತಿದ್ದಾಳೆ, ಪ್ರೀತಿ ಉಕ್ಕಿ ಅಲ್ಲ. ಅವಳ ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಗಂಡ, ಗಂಡನ ತಮ್ಮ, ಬೆಟ್ಟದಷ್ಟು ಪಾತ್ರೆ. "ಮಂಡಿ ನೋವಾದ್ರೆ ಕೂತ್ಕೊಂಡೇ ಮಾಡು" ಅಂತ ಫೋನಲ್ಲೇ ಹೇಳಿದ್ದಳು ಮಹಾತಾಯಿ. ಜೀವಮಾನವೆಲ್ಲ ಪೊರಕೆ ಹಿಡಿದವರಿಗೆ ಹುಕುಂ ಕೊಟ್ಟವಳು ನಾನು. ಅಳಿಯನ ಮನೆಯಲ್ಲಿ ಪೊರಕೆ ಹಿಡೀಬೇಕಾ? ಸತ್ತರೂ ಇಲ್ಲ. ಬಾಯಿ ಮುಚ್ಕೊಂಡು ಇರ್ತೀನಿ ಅಂತ ಮಗನಿಗೆ ಮಾತು ಕೊಟ್ಟೆ.

ನಾಲ್ಕನೆಯವಳು ಬಂದಳು. ಗಟ್ಟಿಮುಟ್ಟಾದ ಹೆಂಗಸು, ನನ್ನ ಮಗಳ ವಯಸ್ಸು, ತುಟಿ ಮೇಲೆ ಸದಾ ಒಂದು ಸಣ್ಣ ನಗು. ಸೊಸೆಯನ್ನ "ಅಕ್ಕಾ" ಅಂದಳು, ನನ್ನನ್ನ "ಅಮ್ಮಾ" ಅಂದಳು. ಕೆಲಸದಲ್ಲಿ ಕೊಂಕು ತೆಗೆಯೋ ಹಾಗಿಲ್ಲ. ಫ್ಯಾನಿನ ರೆಕ್ಕೆ ಮೊದಲು, ನೆಲ ಕೊನೆಗೆ, ಕ್ರಮ ಗೊತ್ತಿದ್ದವಳು. ತಪ್ಪು ಸಿಗದೆ ನನಗೆ ಊಟ ಸೇರದಂತಾಯ್ತು. ಬೈಯಲ್ಲ ಅಂತ ತಾನೆ ಮಾತು ಕೊಟ್ಟಿದ್ದು, ಗಾಳ ಹಾಕಲ್ಲ ಅಂತ ಅಲ್ಲವಲ್ಲ! ಸೊಸೆ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ಓಲೆಯಲ್ಲಿ ಒಂದನ್ನ ಎತ್ತಿ, ನಾನು ಕೂರೋ ಸೋಫಾದ ಸಂದಿಗೆ ತುರುಕಿದೆ. ಸಿಕ್ಕಿಬಿದ್ದರೆ ಕಳ್ಳಿ ಅಂತ ಮಗನೇ ಓಡಿಸ್ತಾನೆ. ನನ್ನ ಮೇಲೆ ಬರೋದಿಲ್ಲ.

ಅವಳು ಬಂದಳು, ಗುಡಿಸಿದಳು. "ಅಮ್ಮಾ, ಸ್ವಲ್ಪ ಏಳಿ" ಅಂದಳು. ನಾನು ಪಕ್ಕದ ಕುರ್ಚಿಗೆ ಸರಿದು, ನಿದ್ದೆ ಬಂದವಳ ಹಾಗೆ ಅರೆಗಣ್ಣು ಮುಚ್ಚಿದೆ. ಮೆತ್ತೆ ಎತ್ತಿದಳು. ಓಲೆ ಸಿಕ್ಕಿತು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು, ಎಷ್ಟೋ ಹೊತ್ತು. ನಾನು ಸಣ್ಣಗೆ ಗೊರಕೆಯನ್ನೂ ಹೊಡೆದೆ. ಅವಳು ಓಲೆಯನ್ನ ವಾಪಸ್ ಸಂದಿಗೇ ಇಟ್ಟು, ಬೆರಳಿಂದ ಇನ್ನಷ್ಟು ಒಳಕ್ಕೆ ಒತ್ತಿ, ಮೆತ್ತೆ ಸರಿಮಾಡಿ, ನನ್ನ ಭುಜ ತಟ್ಟಿದಳು. "ಏಳಿ ಅಮ್ಮಾ, ನಿಮ್ಮ ಜಾಗದಲ್ಲೇ ಕೂತ್ಕೊಳ್ಳಿ."

ಕೊಡುವವರನ್ನ ಕಂಡಿದ್ದೆ, ಕದಿಯುವವರನ್ನ ಕಂಡಿದ್ದೆ. ಸಿಕ್ಕಿದ್ದನ್ನ ವಾಪಸ್ ಇಟ್ಟವಳನ್ನ ಕಂಡಿರಲಿಲ್ಲ. ನಾನೇ ತೆಗೆದು ಓಲೆ ಇದ್ದ ಕಡೆ ಇಟ್ಟುಬಿಡೋಣ ಅಂತ ಏಳುವಷ್ಟರಲ್ಲಿ ಸೊಸೆ ರೂಮಿಂದ ಬಂದಳು, ಒಂದು ಕಿವಿ ಬರಿದು.

"ನನ್ನ ಓಲೆ ಯಾರಾದ್ರೂ ನೋಡಿದ್ರಾ?"

ಕೆಲಸದವಳು ನೆಲ ಒರೆಸೋದು ನಿಲ್ಲಿಸಿದಳು. ಧ್ವನಿ ತಗ್ಗಿಸಿದಳು, ಆದರೆ ನನಗೆ ಕೇಳಿಸುವಷ್ಟು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಅಮ್ಮ ಕೂರೋ ಜಾಗದಲ್ಲಿ ಒಂದ್ಸಲ ನೋಡಿ."

ಸೊಸೆ ಮೆತ್ತೆ ಎತ್ತಿ ಓಲೆ ಹೊರತೆಗೆದಳು.

"ಬೈಬೇಡಿ ಅಕ್ಕಾ, ಪಾಪ," ಅಂದಳು ಆ ಮಾಯಗಾತಿ. "ಮೊನ್ನೆ ಒಗೆಯೋ ಸೋಪು ದಿಂಬಿನ ಕೆಳಗಿತ್ತು. ನಿನ್ನೆ ಚಮಚ ಚಪ್ಪಲಿ ಗೂಡಲ್ಲಿತ್ತು. ನಾನೇ ಸುಮ್ನೆ ತೆಗೆದಿಟ್ಟೆ. ಹೇಳಿದ್ರೆ ಅಮ್ಮನ ಮನಸ್ಸಿಗೆ ನೋವಾಗುತ್ತೆ ಅಂತ. ವಯಸ್ಸಾದ ಮೇಲೆ ಅರಳು ಮರಳು, ಅವರ ತಪ್ಪಲ್ಲ."

ಸೋಪೂ ಇಲ್ಲ, ಚಮಚಾನೂ ಇಲ್ಲ, ಎಲ್ಲ ಶುದ್ಧ ಸುಳ್ಳು! ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಅಷ್ಟರಲ್ಲಿ ಅಂಗಡಿಯಿಂದ ಮಗ ಬಂದ. ಸೊಸೆ ಅವನನ್ನ ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. ಅವನು ಬಂದು ನನ್ನೆದುರು ಮಂಡಿಯೂರಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ.

"ಅಮ್ಮಾ, ನಿಜ ಹೇಳು. ಇವಳನ್ನ ಪರೀಕ್ಷೆ ಮಾಡೋಕೆ ಬೇಕಂತ ಇಟ್ಟೆಯಾ? ಅಥವಾ ಇಟ್ಟಿದ್ದೇ ನೆನಪಿಲ್ವಾ?"

ನನ್ನ ಮಗ ಅವನು, ದಡ್ಡನಲ್ಲ. ಬೇಕಂತ ಇಟ್ಟೆ ಅಂದರೆ ನಾಳೆಯೇ ಅವನ ಅಕ್ಕನ ಮನೆ, ಬೆಟ್ಟದಷ್ಟು ಪಾತ್ರೆ. ನೆನಪಿಲ್ಲ ಅಂದರೆ ತಲೆ ಕೆಟ್ಟ ಮುದುಕಿ. ಕೆಲಸದವಳು ಬಕೆಟ್ಟಿನಲ್ಲಿ ಬಟ್ಟೆ ಹಿಂಡ್ತಾ ನನ್ನನ್ನೇ ನೋಡ್ತಿದ್ದಳು.

"ಯಾವ ಓಲೆ?" ಅಂದೆ.

ಮಗನ ಮುಖ ಕರಗಿಹೋಯ್ತು. ನನ್ನ ಕೈ ಹಿಡಿದುಕೊಂಡ. ಅವನು ಹಾಗೆ ಕೈ ಹಿಡಿದು ಎಷ್ಟೋ ಕಾಲವಾಗಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಕೇಳಿದ್ದಕ್ಕೆಲ್ಲ ನಾನು ಅಡ್ಡಾದಿಡ್ಡಿ ಉತ್ತರ ಕೊಟ್ಟು ಗೆದ್ದು ಬಂದೆ.

ಗೆದ್ದೆ ಅಂದುಕೊಂಡೆ, ಅಷ್ಟೇ. ಈಗ ಗ್ಯಾಸ್ ಮುಟ್ಟೋ ಹಾಗಿಲ್ಲ. ಮುಂಬಾಗಿಲಿಗೆ ಒಳಗಿಂದ ಬೀಗ. ನನ್ನೆದುರಿಗೇ ಮಗ ಸೊಸೆ "ಅಮ್ಮ ಊಟ ಮಾಡಿದ್ರಾ?" ಅಂತ ನನ್ನ ಬಗ್ಗೆ ಕೆಲಸದವಳನ್ನ ಕೇಳ್ತಾರೆ. ಅವಳು ನನ್ನ ಮಂಚದ ಕೆಳಗೆ ಗುಡಿಸೋದನ್ನೇ ನಿಲ್ಲಿಸಿದಳು. ಅಷ್ಟೇ ಅಲ್ಲ, ಹಾಲ್‌ನ ಕಸವನ್ನೂ ತಂದು ಅಲ್ಲಿಗೇ ತಳ್ತಾಳೆ, ನಾನು ನೋಡ್ತಿರುವಾಗಲೇ. ಒಂದು ದಿನ ತಡೆಯಲಾರದೆ, "ಕಸ ಇದೆ, ಬಗ್ಗಿ ನೋಡು!" ಅಂತ ಮಗನ ಮುಂದೆ ಕಿರುಚಿದೆ. "ಅಮ್ಮಂಗೆ ಇವತ್ತು ಸ್ವಲ್ಪ ಜಾಸ್ತಿ ಅಣ್ಣಾ" ಅಂದಳು ಅವಳು. ಅವನು ಬಗ್ಗಿ ನೋಡಲಿಲ್ಲ. ನನಗೆ ಮಾತ್ರೆ ಕೊಟ್ಟ.

ಯಾರೂ ಇಲ್ಲದಾಗ ಅವಳ ಸೆರಗು ಹಿಡಿದು ಕೇಳಿದೆ, "ಯಾಕೆ ಹೀಗೆ ಮಾಡ್ದೆ? ನಾನೇನು ಮಾಡಿದ್ದೆ ನಿನಗೆ?"

"ನನಗೇನೂ ಮಾಡಿಲ್ಲಮ್ಮ," ಅಂದಳು, ಅದೇ ಸಣ್ಣ ನಗು. "ನನಗಿಂತ ಮುಂಚೆ ಬಂದವರ ಕಥೆ ವಾಚ್‌ಮನ್ ಹೇಳಿದ್ದ. ಗಾಳ ಹಾಕೋ ಮನೆ ನಾನೂ ಸುಮಾರು ಕಂಡಿದ್ದೀನಿ. ನೀವು ನನ್ನ ಓಡಿಸೋ ಮುಂಚೆ ನಾನು ನಿಮ್ಮನ್ನ ಕೂರಿಸಿಬಿಟ್ಟೆ. ಸೆರಗು ಬಿಡಿ, ಪಾತ್ರೆ ಇದೆ."

ಎಂಥ ಹೆಂಗಸು! ನನ್ನ ಹೋಟೆಲಿಗೆ ಬಂದಿದ್ದರೆ ನನ್ನ ಕುರ್ಚಿಯಲ್ಲೇ ಕೂತಿರೋಳು.

ಎಲ್ಲರೂ ನಂಬಿದರು, ಒಬ್ಬಳನ್ನ ಬಿಟ್ಟು. ಮಗಳು ಫೋನಲ್ಲಿ, "ಅವಳಿಗೆ ಅರಳು ಮರಳಾ? ನಾಟಕ! ನಮ್ಮಮ್ಮನ್ನ ನಾನು ಕಂಡಿಲ್ವಾ? ನಾನೇ ಬಂದು ನೋಡ್ತೀನಿ. ತಲೆ ಸರಿ ಇದ್ರೆ ಜೊತೆಗೇ ಕರ್ಕೊಂಡು ಹೋಗ್ತೀನಿ" ಅಂದಳಂತೆ. ಹೇಳಿದ ಹಾಗೇ ಭಾನುವಾರ ಬಂದಳು. ಕೈಯಲ್ಲಿ ಖಾಲಿ ಸೂಟ್‌ಕೇಸು, ನನ್ನ ಬಟ್ಟೆಗೆ. ನೇರ ನನ್ನೆದುರು ನಿಂತು, ಸೊಂಟಕ್ಕೆ ಕೈ ಕೊಟ್ಟು ಕೇಳಿದಳು, "ಎಲ್ಲಿ, ನಾನ್ಯಾರು ಹೇಳು ನೋಡೋಣ."

ಸುತ್ತ ಮಗ, ಸೊಸೆ. ಹಿಂದೆ ಮಾಪಿನ ಕೋಲಿಗೆ ಒರಗಿಕೊಂಡು ಕೆಲಸದವಳು. ಮಗಳು ಎಷ್ಟು ಸೊರಗಿದ್ದಾಳೆ ಅಂತ ಆಗಲೇ ನನಗೆ ಕಂಡಿದ್ದು. ಕಣ್ಣ ಕೆಳಗೆ ಕಪ್ಪು, ಬೆರಳ ಸಂದಿಯಲ್ಲೆಲ್ಲ ಸೋಪು ತಿಂದ ಬಿರುಕು. ಚಿಕ್ಕವಳಿದ್ದಾಗ ಜ್ವರ ಬಂದರೂ ನನ್ನನ್ನ ಬಿಟ್ಟು ಯಾರ ಹತ್ತಿರವೂ ಹೋಗ್ತಿರಲಿಲ್ಲ ಇವಳು. ಬಾಯಿಗೆ ಅವಳ ಹೆಸರು ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಕೆಲಸಕ್ಕೆ ಬಂದ್ಯಾ?" ಅಂದೆ. "ಹೊಸಬಳಾ? ಬಾತ್‌ರೂಮಿಂದ ಶುರು ಮಾಡು."

ಅವಳ ಕೈ ಸೊಂಟದಿಂದ ಜಾರಿತು. ನನ್ನನ್ನೇ ನೋಡಿದಳು, ತಮ್ಮನನ್ನ ನೋಡಿದಳು, ಮತ್ತೆ ನನ್ನನ್ನ ನೋಡಿದಳು. "ಅಮ್ಮಾ..." ಅಂತ ಕುಸಿದು ಕೂತು, ನನ್ನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. "ನಾನು ಬರೀ ಕೆಲಸಕ್ಕೆ ಕರೆದೆ ಅಂದ್ಕೊಂಡ್ಯಾ? ನನಗೂ ಯಾರೂ ಇಲ್ಲ ಕಣಮ್ಮಾ ಆ ಮನೇಲಿ. ಒಬ್ಬರೂ ಮಾತಾಡಲ್ಲ. ನೀನಾದ್ರೂ ಬೈತಾ ಜೊತೆಗಿರ್ತೀಯ ಅಂತ..." ಅವಳ ಬಿಸಿ ಉಸಿರು ನನ್ನ ಸೀರೆ ದಾಟಿ ತೊಡೆಗೆ ತಾಗ್ತಿತ್ತು.

ನನ್ನ ಕೈ ತಾನಾಗೇ ಅವಳ ತಲೆ ಹತ್ತಿರ ಹೋಯ್ತು. ಮಗ ನೋಡ್ತಿದ್ದ. ಕೆಲಸದವಳ ತುಟಿ ಮೇಲಿದ್ದ ನಗು ಕೂಡ ಹೋಗಿತ್ತು. ಮೊದಲ ಸಲ ಅವಳು ನೆಲ ನೋಡಿದಳು. ಗುರುತಿಲ್ಲದವಳ ತಲೆಯನ್ನ ಯಾರಾದರೂ ಸವರ್ತಾರಾ? ಕೈ ವಾಪಸ್ ತೆಗೆದುಕೊಂಡೆ.

"ಏಳಮ್ಮಾ," ಅಂದೆ ನನ್ನ ಮಗಳಿಗೆ. "ಅಳೋರು ನಮಗೆ ಬೇಡ. ಬೇರೆ ಮನೆ ನೋಡ್ಕೋ."