ಗಿಳಿಯ ಕುತ್ತಿಗೆ

ಹೆಣ್ಣು ನೋಡಲು ಬಂದ ದೇವಕ್ಕ ಹೆಣ್ಣನ್ನು ಬಿಟ್ಟು ಬಾಗಿಲನ್ನೇ ನೋಡುತ್ತ ನಿಂತುಬಿಟ್ಟಿದ್ದಳು. ಅವಲಕ್ಕಿಯ ತಟ್ಟೆ ಹಿಡಿದು ಒಳಗಿನಿಂದ ಬಂದ ಶೀತಲ ಅದನ್ನು ಯಾರ ಮುಂದಿಡಬೇಕೆಂದು ತಿಳಿಯದೆ ಪಡಸಾಲೆಯ ನಡುವೆ ನಿಂತಳು. ವರ ನಿಂಗರಾಜ ಹೊಸ ಅಂಗಿಯ ಗಟ್ಟಿ ಕಾಲರಿನೊಳಗೆ ಸಿಕ್ಕಿಬಿದ್ದು ನೆಲ ನೋಡುತ್ತಿದ್ದ. ಸಂಪಗಾಂವದಿಂದ ರಾಮದುರ್ಗಕ್ಕೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದದ್ದು ತೋರಣ ನೋಡುವುದಕ್ಕೇನು ಎಂದು ಕೇಳುವ ಧೈರ್ಯ ಹೆತ್ತ ತಾಯಿಯ ಎದುರು ಅವನಿಗಿರಲಿಲ್ಲ.

ತೋರಣವೂ ಹಾಗೇ ಇತ್ತು ಅನ್ನಿ. ಅಡುಗೆಮನೆಯ ಬಾಗಿಲಿಗೆ ಕಟ್ಟಿದ ಗಾಜಿನ ಮಣಿಗಳ ತೋರಣ. ಬಿಳಿ ಮಣಿಗಳ ಜಾಳಿಗೆ, ನಡುನಡುವೆ ಕೆಂಪು ಹೂ, ಕೆಳಗೆ ಸಾಲಾಗಿ ಐದು ಹಸಿರು ಗಿಳಿಗಳು. ಮಣಿಯ ಗಿಳಿಗಳು ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಆದರೆ ಅವೆಲ್ಲ ಪರೇಡಿಗೆ ನಿಂತ ಪೊಲೀಸರ ಹಾಗೆ ನೆಟ್ಟಗೆ ಮುಂದೆ ನೋಡುತ್ತಿರುತ್ತವೆ. ಇಲ್ಲಿಯವು ಕುತ್ತಿಗೆ ಹೊರಳಿಸಿ ಒಂದನ್ನೊಂದು ನೋಡುತ್ತಿದ್ದವು, ಏನೋ ಮಾತು ಅರ್ಧಕ್ಕೆ ನಿಂತ ಹಾಗೆ.

ಗೋಡೆಯ ಶೋಕೇಸಿನಲ್ಲಿ ಇನ್ನೂ ಏನೇನೋ ಇದ್ದವು. ಕರಿ ಮಖಮಲ್ಲಿನ ಮೇಲೆ ಒಡೆದ ಬಳೆಚೂರು ಅಂಟಿಸಿ ಮಾಡಿದ ನವಿಲು, ತೆಂಗಿನ ಚಿಪ್ಪಿನ ಆಮೆ, ಉಲ್ಲನ್ ದಾರದ ಗುಲಾಬಿ. ಕನ್ಯೆ ನೋಡುವ ದಿನ ಇವೆಲ್ಲ ಹುಡುಗಿಯ ಮಾರ್ಕ್ಸ್ ಕಾರ್ಡು. ಹುಡುಗಿ ಬಾಯಿ ಬಿಡಬೇಕಾಗಿಲ್ಲ. ತಾಯಿ ಒಂದೊಂದಕ್ಕೂ ಬೆರಳು ತೋರಿಸುತ್ತ ಹೋದರೆ ಸಾಕು.

"ಎಲ್ಲಾ ನಮ್ಮ ಶೀತಲಾನ ಮಾಡ್ಯಾಳ್ರಿ," ಎಂದಳು ತಾಯಿ ತಾಯವ್ವ. ಇದು ಅವಳು ಮೂರನೆಯ ಸಲ ಹೇಳುತ್ತಿದ್ದ ಮಾತು. "ಒಂದ ಸಲ ನೋಡಿದ್ರ ಸಾಕ್ರಿ, ಕೈಯಾಗ ಬರತೈತಿ ಅಕೀಗೆ."

ದೇವಕ್ಕ ಸ್ಟೂಲು ಎಳೆದುಕೊಂಡು, ಸೀರೆಯ ನಿರಿಗೆ ಎತ್ತಿಕಟ್ಟಿ ಹತ್ತಿಯೇಬಿಟ್ಟಳು. ಐವತ್ತು ದಾಟಿದ ಬೀಗಿತ್ತಿ ಹೀಗೆ ಮಂದಿಯ ಮನೆಯಲ್ಲಿ ಸ್ಟೂಲು ಹತ್ತುವುದನ್ನು ತಾಯವ್ವ ಕಂಡಿರಲಿಲ್ಲ. ತೋರಣದ ಹಿಂಬದಿ ತಿರುಗಿಸಿ, ಒಂದು ಗಂಟನ್ನು ಹೆಬ್ಬೆರಳಿನಿಂದ ಸವರಿ ನೋಡಿ ದೇವಕ್ಕ ಕೆಳಗಿಳಿದಳು.

"ತಂಗಿ, ಈ ಗಿಳಿ ಕುತ್ತಿಗಿ ಹೆಂಗ ಹೊಳ್ಳಿಸಿದಿ? ನಾಕ ವರ್ಸ ಆತು, ನಾನೂ ಹೆಣಗ್ಯಾಡಾಕ ಹತ್ತೇನಿ. ನನ್ನ ಗಿಳಿ ಎಲ್ಲಾ ಸೆಟದ ನಿಂತಾವ. ಮಣಿ ಡಬ್ಬಿ ತೊಗೊಂಡ ಬಾ. ಒಂದ ಕುತ್ತಿಗಿ ಅಷ್ಟ ಮಾಡಿ ತೋರಸು."

ಅವಳೇನೂ ಪರೀಕ್ಷೆ ಮಾಡುತ್ತಿರಲಿಲ್ಲ. ಮನೆಯಲ್ಲಿ ಸೆಟೆದು ನಿಂತ ಗಿಳಿಗಳ ಚಿಂತೆ ಅವಳಿಗೆ ನಿಜವಾಗಿಯೂ ಹತ್ತಿತ್ತು. ಆದರೆ ತಾಯವ್ವ ಗಂಡನ ಕಡೆ ನೋಡಿದಳು. ಯಾಕೆಂದರೆ ಆ ಮನೆಯಲ್ಲಿ ಶೀತಲ ಮಾಡಿದ ಒಂದೇ ಒಂದು ವಸ್ತುವೂ ಇರಲಿಲ್ಲ. ಎಲ್ಲವನ್ನೂ ಮಾಡಿದವನು ಅತ್ತ ಚಾಪೆಯ ಮೇಲೆ, ವರನ ಪಕ್ಕದಲ್ಲಿ, ಮಳೆ ಬೆಳೆ ಮಾತಾಡುತ್ತ ಕುಳಿತಿದ್ದ ನಿಜಗುಣಪ್ಪ, ಅವಳ ಅಪ್ಪ.

ಕೈಮಗ್ಗ ನಿಂತು ಅವನು ಪವರ್‌ಲೂಮಿನ ಶೆಡ್ಡಿಗೆ ಕೂಲಿಗೆ ಹೋಗತೊಡಗಿದ ಮೇಲೆ ಹುಟ್ಟಿದ ಹುಚ್ಚು ಇದು. ಇಪ್ಪತ್ತೈದು ವರ್ಷ ಎಳೆ ಹಿಡಿದ ಕೈಗೆ ಶೆಡ್ಡಿನಲ್ಲಿ ಗುಂಡಿ ಒತ್ತುವುದಷ್ಟೇ ಕೆಲಸ. ಸಂಜೆ ಮನೆಗೆ ಬಂದರೆ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ದೊಡ್ಡ ಮಗಳು ಶಾಲೆಯಿಂದ ತಂದು ಅರ್ಧಕ್ಕೆ ಬಿಟ್ಟ ಮಣಿ ಕೈಗೆ ತೆಗೆದುಕೊಂಡ, ಮುಗಿಯಿತು. ಶೆಡ್ಡಿನವರಿಗೆ ಸುಳಿವು ಹತ್ತಿದಾಗ "ನಾಳಿಂದ ಬಳಿ ಇಟಗೊಂಡ ಬಾರಪಾ" ಎಂದು ಆಡಿಕೊಂಡಿದ್ದರು. ಅಂದಿನಿಂದ ಮನೆಯ ಅಲಂಕಾರವೆಲ್ಲ ಹೆಣ್ಣುಮಕ್ಕಳ ಹೆಸರಿಗೆ ಎಂದು ತಾಯವ್ವ ಠರಾವು ಮಾಡಿದಳು. ಗಂಡನ ಮೇಲಿನ ಕಕ್ಕುಲಾತಿಯಿಂದಲೇ ಮಾಡಿದಳು, ಅದರಲ್ಲಿ ಅನುಮಾನವಿಲ್ಲ.

ದೊಡ್ಡ ಮಗಳು ಮಹಾನಂದಾಳ ಮದುವೆ ಕಿತ್ತೂರಿಗೆ ನಕ್ಕಿಯಾದದ್ದು ಇದೇ ಠರಾವಿನ ಮೇಲೆ. ಪಾಪದ ಹುಡುಗಿ, ಆರು ವರ್ಷದಿಂದ ಅದರ ಫಲ ಉಣ್ಣುತ್ತಿದ್ದಾಳೆ. ನಾದಿನಿಗೊಂದು ತೋರಣ, ನೆಗೆಣ್ಣಿಗೊಂದು ನವಿಲು. "ತವರಮನ್ಯಾಗ ಕುಂತ್ರ ಚೊಲೋ ಆಗತೈತ್ರಿ" ಎಂದು ಹೇಳಿ ಬಸ್ಸು ಹತ್ತುತ್ತಾಳೆ. ಅಪ್ಪ ಮಾಡಿಟ್ಟದ್ದನ್ನು ಚುರಮುರಿಯ ಡಬ್ಬಿಯಲ್ಲಿ ಮುಚ್ಚಿಕೊಂಡು ಹಿಂತಿರುಗುತ್ತಾಳೆ. ಒಂದು ಸಲ ಡಬ್ಬಿಗೆ ಯಾರೋ ಕೈಹಾಕಿ, ಚುರಮುರಿಯ ಜೊತೆ ಗಿಳಿಯ ಕೊಕ್ಕು ಸಿಕ್ಕಿ ಫಜೀತಿಯಾಗಿತ್ತು.

ಶೀತಲ ಡಬ್ಬಿ ತಂದು ಕುಳಿತಳು. ದಾರ ಕೈಗೆ ತೆಗೆದುಕೊಂಡಳು. ಸಂಪಗಾಂವದ ಈ ಹುಡುಗ ಅವಳಿಗೆ ಹಿಡಿಸಿದ್ದ. ಮೊದಲು ಬಂದುಹೋದ ಇಬ್ಬರ ಹಾಗೆ ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿರಲಿಲ್ಲ. ಹಾಗಾಗಿ ಡಬ್ಬಿ ಮುಚ್ಚಿ ಏಳಲೂ ಮನಸ್ಸು ಬರಲಿಲ್ಲ. ಒಂದು ಹಸಿರು, ಎರಡು ಹಸಿರು, ಒಂದು ಕೆಂಪು. ದೇವಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದಳು. ಶೀತಲ ಕಣ್ಣು ಮುಚ್ಚಿದಂತೆ ಮಾಡಿ ಸೂಜಿಯನ್ನು ಸಿಕ್ಕ ಮಣಿಯೊಳಗೆ ತೂರಿಸಿದಳು.

ನಿಜಗುಣಪ್ಪ ಸುಮ್ಮನಿದ್ದರೆ ಏನಾಗುತ್ತಿತ್ತೋ ಏನೋ. ಹುಡುಗಿಗೆ ಅಂಜಿಕೆ ಎಂದು ತಿಪ್ಪೆ ಸಾರಿಸಿಬಿಡಬಹುದಿತ್ತು. ಆದರೆ ಹಾದಿ ತಪ್ಪಿದ ಎಳೆಯನ್ನು ಕಂಡು ಸುಮ್ಮನೆ ಕೂರುವುದು ಅವನ ಕೈಲಾಗದ ಕೆಲಸ.

"ಅಲ್ಲಲ್ಲಾ!" ಚಾಪೆಯಿಂದಲೇ ಕೂಗಿದ. "ಅದರಾಗಲ್ಲ, ಎರಡ ಬಿಟ್ಟ ಮೂರನೇದ್ರಾಗ! ಒಳಮಗ್ಗಲಿಗೆ ಒಂದ ಮಣಿ ಕಮ್ಮಿ ಹಿಡೀಬೇಕು, ಅಂದ್ರ ಹೊಳ್ಳತೈತಿ. ಜಗ್ಗಬ್ಯಾಡ ಹಂಗ, ಕುತ್ತಿಗಿ ಮುರೀತೈತಿ!"

ನಿಂಗರಾಜ ಮೊದಲ ಸಲ ತಲೆಯೆತ್ತಿದ.

"ಮಗಳು ಮಾಡೂದು ನೋಡಿ ನೋಡಿ ರೂಢಿ ಆಗೇತ್ರಿ ಅವ್ರಿಗೆ," ಎಂದು ತಾಯವ್ವ ನಗಲು ನೋಡಿದಳು. ನಗು ಬರಲಿಲ್ಲ.

ಶೀತಲ ದಾರವನ್ನು ಡಬ್ಬಿಯೊಳಗೆ ಇಟ್ಟಳು. "ಸಾಕು ಬಿಡಬೇ," ಎಂದಳು ತಾಯಿಗೆ. ಆಮೇಲೆ ದೇವಕ್ಕನ ಕಡೆ ತಿರುಗಿ, "ನನಗ ಒಂದೂ ಬರಂಗಿಲ್ರಿ. ಎಲ್ಲಾ ನಮ್ಮಪ್ಪ ಮಾಡ್ಯಾನ. ಅಕ್ಕನ ಮದುವ್ಯಾಗೂ ಹಿಂಗ ಹೇಳಿ ಕೊಟ್ಟಾರ. ಅಕಿ ಡಬ್ಬಿ ಹೊತ್ತ ಹೊತ್ತ ಸಾಕಾಗ್ಯಾಳ. ನಾ ಹೊರಂಗಿಲ್ರಿ" ಎಂದಳು. ಹೇಳಿ ಮುಗಿಸಿದ ಮೇಲೆ ಅಳು ಬಂತು, ತಡೆದುಕೊಂಡಳು.

ನಿಜಗುಣಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ಸಂಬಂಧವನ್ನು ತನ್ನ ಬಾಯಿಂದಲೇ ಕಳೆದೆನಲ್ಲ ಎಂಬ ಸಂಕಟ. ಅದಕ್ಕಿಂತ ಹೆಚ್ಚಾಗಿ, ಅಳಿಯನಾಗಬೇಕಾದ ಹುಡುಗನ ಎದುರು, ಮಣಿ ಪೋಣಿಸುವವನು ಎಂದು ಬಯಲಾದ ನಾಚಿಕೆ.

ದೇವಕ್ಕ ಸಿಟ್ಟಾದಳೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. "ಸುಳ್ಳ ಹೇಳಬಾರದಿತ್ತ ನೋಡ್ರಿ ತಾಯವ್ವಾರ," ಎಂದಳು. ಆಮೇಲೆ ನಿಜಗುಣಪ್ಪನನ್ನು ಕೇಳಿದಳು: "ಎಲ್ಲಿ ಕುಂತ ಮಾಡತೀರಿ ಇದನ್ನ?"

ಅವನು ಎದ್ದು ಹಿತ್ತಲ ಕಡೆಯ ಕೋಣೆಯ ಕದ ತೆರೆದ. ಕೈಮಗ್ಗ ಬಿಚ್ಚಿ ಮಾರಿ ಎಷ್ಟೋ ವರ್ಷವಾಗಿತ್ತು. ನೆಲದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ಹಾಗೇ ಉಳಿದಿತ್ತು. ಕುಣಿಯ ಅಂಚಿಗೆ ಮಡಚಿದ ಗೋಣಿಚೀಲ, ಬಣ್ಣಬಣ್ಣದ ಮಣಿ ತುಂಬಿದ ಬಟ್ಟಲುಗಳು, ಗೋಡೆಗೆ ಮೊಳೆ ಹೊಡೆದು ಕಟ್ಟಿದ ಅರೆಮುಗಿದ ತೋರಣ.

"ಬ್ಯಾರೆ ಕಡೆ ಕುಂತ್ರ ಬೆನ್ನು ಒಗ್ಗೂದಿಲ್ರಿ," ಎಂದ, ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ.

ದೇವಕ್ಕ ಬಗ್ಗಿ ಕುಣಿಯೊಳಗೆ ನೋಡಿದಳು. "ಗಂಟ ನೋಡಿದಾಗನ ಮಗ್ಗದ ಮನಿ ಅನಸಿತ್ತ ನನಗ. ಹರದ ಎಳಿ ಕೂಡಸೂ ಗಂಟದು, ಮಗ್ಗದವರದು. ನನ್ನ ತವರಮನಿ ಸುರೇಬಾನ. ನಮ್ಮಪ್ಪನೂ ಹಂಗ ಹಾಕತಿದ್ದ. ನಾವು ಅಕ್ಕತಂಗೇರು ನೂಲಿನ ಕಂಡಿಕಿ ಸುತ್ತಿ ಸುತ್ತಿ ಕೊಟ್ಟಿದ್ದ ಬಂತು. ಒಂದ ದಿನಾನೂ ಕುಣ್ಯಾಗ ಇಳೀಗೊಡಲಿಲ್ಲ. ಹೆಣ್ಣಮಕ್ಕಳ ಕೆಲಸಲ್ಲಂತ."

ಹಾಗೆಂದವಳೇ ಗೋಣಿಚೀಲದ ಮೇಲೆ ಕುಳಿತು, ಎರಡೂ ಕಾಲು ಕುಣಿಯೊಳಗೆ ಇಳಿಬಿಟ್ಟಳು.

"ಏ, ಮ್ಯಾಲ ಕುಂದರ್ರಿ! ಕುರ್ಚಿ ತರತೇನಿ," ಎಂದು ತಾಯವ್ವ ಓಡಿಬಂದಳು.

"ಕುರ್ಚಿ ಸಂಪಗಾಂವದಾಗೂ ಅದಾವ್ರಿ," ಎಂದಳು ದೇವಕ್ಕ. "ನೀವು ತೋರಸ್ರಿ. ಒಳಮಗ್ಗಲಿಗೆ ಒಂದ ಕಮ್ಮಿ ಅಂದ್ರಲಾ?"

ನಿಜಗುಣಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಮೊದಲು ಬೆರಳು ಹೊರಟವು. ಬೆರಳ ಹಿಂದೆ ಮಾತೂ ಬಂತು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದೆಲ್ಲ ಒಂದರ ಹಿಂದೊಂದು ಬಂತು: ಗಾಜು ಯಾವುದು, ಪ್ಲಾಸ್ಟಿಕ್ಕು ಯಾವುದು, ದಾರಕ್ಕೆ ಮೇಣ ಯಾಕೆ, ರೆಕ್ಕೆಗೂ ಬಾಲಕ್ಕೂ ಎಳೆ ಒಂದೇ ಹೇಗೆ. ಬಾಗಿಲಲ್ಲಿ ಶೀತಲ ನಿಂತಿದ್ದಳು. ಅವಳ ಹಿಂದೆ ಅವಲಕ್ಕಿಯ ತಟ್ಟೆ ಕೈಯಲ್ಲೇ ಹಿಡಿದುಕೊಂಡು ನಿಂಗರಾಜ ಬಂದು ಇಣುಕಿದ. ಅರ್ಧ ಗಂಟೆಯ ಹೊತ್ತಿಗೆ ದೇವಕ್ಕನ ಅಂಗೈಯಲ್ಲಿ ಹಸಿರು ಕುತ್ತಿಗೆಯೊಂದು ನಿಧಾನವಾಗಿ ಹೊರಳಿತು. "ಹೊಳ್ಳಿತಲೇ ನಿಂಗರಾಜಾ!" ಎಂದು ಅವಳು ಕೂಗಿದ ರಭಸಕ್ಕೆ ಟ್ರ್ಯಾಕ್ಸಿನ ಡ್ರೈವರನೂ ಬಂದು ನೋಡಿ ಹೋದ.

ಏಳುವ ಮೊದಲು ದೇವಕ್ಕ ಮಗನ ಮುಖ ನೋಡಿದಳು. ಅವನು ಶೀತಲಳ ಕಡೆ ನೋಡಿ ಗೋಣು ಹಾಕಿದ. ಶೀತಲ ತಲೆ ತಗ್ಗಿಸಲಿಲ್ಲ.

"ನಮ್ಮ ತಲಬಾಗಲಾ ಮೂರೂವರಿ ಫೂಟ ಅಗಲ ಐತ್ರಿ," ಎಂದಳು ದೇವಕ್ಕ ನಿಜಗುಣಪ್ಪನಿಗೆ. "ಮ್ಯಾಲ ನಾಕ ಬೆರಳ ಬಿಟ್ಟ ಹಿಡೀರಿ. ಮದುವಿಯೊಳಗ ಆಗಬೇಕು."

ತಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆಗತೈತ್ರಿ," ಎಂದ ನಿಜಗುಣಪ್ಪ. "ಮ್ಯಾಲ ಸುಸ್ವಾಗತ ಅಂತ ಬರೀಲೇನ್ರಿ?"

"ಅದು ಎಲ್ಲಾರ ಬಾಗಲದಾಗೂ ಐತಿ. ನಿಮ್ಮ ಹೆಸರ ಬರೀರಿ. ಕೇಳಿದವ್ರಿಗೆ ಹೇಳೂದ ತಪ್ಪತೈತಿ."

ಸುಸ್ವಾಗತಕ್ಕೆ ಎಷ್ಟು ಮಣಿ, ಮಹಾನಂದಾ ಎಂಬ ಹೆಸರಿಗೆ ಎಷ್ಟು, ಶೀತಲ ಎಂಬ ಹೆಸರಿಗೆ ಎಷ್ಟು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವನು ಹೇಳುತ್ತಿದ್ದ. ಬಂದವರು ಟ್ರ್ಯಾಕ್ಸ್ ಹತ್ತಲು ಹೊರಟರು. ತಾಯವ್ವ ಕುಂಕುಮದ ಬಟ್ಟಲು ಹಿಡಿದು ಅವರ ಹಿಂದೆ ಓಡಿದಳು. ನಿಜಗುಣಪ್ಪ ಕುಣಿಯ ಅಂಚಿನಲ್ಲೇ ಕುಳಿತು, ಹೆಬ್ಬೆರಳಿನಿಂದ ಬೆರಳ ಗೆರೆ ಒತ್ತುತ್ತ, ತುಟಿಯಲ್ಲೇ ಮೊದಲ ಸಲ ತನ್ನ ಹೆಸರಿನ ಮಣಿ ಎಣಿಸತೊಡಗಿದ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದ.