ಇಲ್ಲದ ಕೈಯ ನೋವು

ಇಟ್ಟಿಗಿ ಊರಿನ ಭರಮಮ್ಮ ಕುರಿ ಕಾಯುವ ಮನೆತನದವಳು, ಬರೆ ಹಾಕುವುದರಲ್ಲಿ ನುರಿತವಳು. ಕುರಿ ಕುಂಟಿದರೂ ಮನುಷ್ಯರ ಸೊಂಟ ಹಿಡಿದರೂ ಮೈಲಾರಲಿಂಗನನ್ನು ನೆನೆದು, ನೋವಿದ್ದ ಜಾಗಕ್ಕೆ ಕಾದ ಕಬ್ಬಿಣ ಮುಟ್ಟಿಸಿ, ಮೇಲೆ ದೇವರ ಭಂಡಾರದ ಅರಿಶಿನ ಹಚ್ಚುವಳು.

ಮಗ ಹೊನ್ನೂರಸ್ವಾಮಿಯ ಬಲಗೈ ಮೆಕ್ಕೆಜೋಳದ ಮಷೀನಿಗೆ ಸಿಕ್ಕಿ ಮೊಣಕೈತನಕ ಹೋಯಿತು. ಗಾಯ ಮಾಯಿತು, ನೋವು ಮಾಯಲಿಲ್ಲ. ಇಲ್ಲದ ಬೆರಳುಗಳನ್ನು ಯಾರೋ ತಿರುಚಿದಂತಾಗಿ ಒದ್ದಾಡುವನು. ಬರೆ ಹಾಕೋಣವೆಂದರೆ ಆ ಜಾಗವೇ ಇಲ್ಲ. ಕಡೆಗೆ ಬಳ್ಳಾರಿಯ ಡಾಕ್ಟರೊಬ್ಬರು, "ನೋವು ಕೈಯಲ್ಲಿಲ್ಲಮ್ಮ, ತಲೆಯಲ್ಲಿದೆ" ಎಂದರು.

ಭರಮಮ್ಮನಿಗೆ ಜಾಗ ತಿಳಿಯಿತು. ಊರಿಗೆ ಬಂದವಳೇ ಮಗನ ನೆತ್ತಿಯ ಸುತ್ತ ಬರೆ ಎಳೆದಳು. ಅವನು ಹಲ್ಲು ಕಚ್ಚಿ ಕೂತ. ನೋವು ಹೋಗಲಿಲ್ಲ. ಅಕ್ಕಪಕ್ಕದ ಕೂದಲು ಬೆಳೆದು ಬರೆಗಳನ್ನು ಮುಚ್ಚಿತು.

ಮರುವರ್ಷ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯ ಸುದ್ದಿ ಬಂತು. ತಲೆ ಕೊಯ್ಯದೆ, ಹೊರಗಿನಿಂದಲೇ ಶಬ್ದದ ಅಲೆಗಳನ್ನು ಮಿದುಳಿನ ಒಂದು ಚುಕ್ಕೆಗೆ ಕೂಡಿಸಿ, ನೋವಿನ ದಾರಿಯನ್ನು ಅಲ್ಲೇ ಸುಡುತ್ತಾರಂತೆ. ಸ್ಕ್ಯಾನ್ ನೋಡಿದ ಡಾಕ್ಟರ್ ಸಂಗೀತಾ, "ಜಾಗ ಸಿಕ್ಕಿದೆ" ಎಂದು ನಕ್ಕರು.

"ಯವ್ವಾ, ಇವರೂ ಬರಿನ ಹಾಕ್ತಾರ," ಮಗ ಚುಡಾಯಿಸಿದ. "ನಿನ್ನಂಗ ಹೊಗಿ ಎಬ್ಸಂಗಿಲ್ಲ, ಅಷ್ಟ."

"ಹಾಕ್ಲಿ ಬಿಡಲೇ. ಮೈಲಾರಪ್ಪ ಅವರ ಕೈಯಾಗೂ ಅದಾನ."

ಚಿಕಿತ್ಸೆಯ ದಿನ ತಲೆ ಬೋಳಿಸಿದರು. ಕೂದಲು ಉದುರಿದಂತೆಲ್ಲ ಹೊಳೆಯುವ ದಪ್ಪ ಗೆರೆಗಳು ಹೊರಬಿದ್ದವು. ಸಂಗೀತಾ ಬೆರಳಾಡಿಸಿ ನೋಡಿದರು. ನಗು ಹೋಯಿತು.

"ಅಲೆಗಳು ಈ ಕಲೆಗಳಲ್ಲೇ ಸಿಕ್ಕಿಕೊಂಡು ಚರ್ಮ ಸುಟ್ಟುಬಿಡುತ್ತವೆ. ಒಂದೆರಡಿದ್ದರೆ ತಪ್ಪಿಸಬಹುದಿತ್ತು, ತಲೆತುಂಬ ಇವೆ. ನಾವು ಮಾಡುವ ಹಾಗಿಲ್ಲ. ಯಾರು ಮಾಡಿದ್ದು ಇದು?"

"ಸಣ್ಣಾಂವಿದ್ದಾಗ ಒಲಿ ಮ್ಯಾಲೆ ಬಿದ್ದಿದ್ನಿರಿ," ಎಂದ ಹೊನ್ನೂರಸ್ವಾಮಿ.

"ಸುಳ್ಳು ಹೇಳಬ್ಯಾಡಲೇ." ಭರಮಮ್ಮ ಸೆರಗು ಬಿಗಿಹಿಡಿದು ಎದ್ದು ನಿಂತಳು. "ನಾನರಿ ಡಾಕ್ಟ್ರಮ್ಮ, ಹಡದಾಕಿ. ನೋವು ತಲಿಯಾಗೈತಿ ಅಂದಿದ್ರಲ್ರಿ... ಅದಕ್ಕ ಅಲ್ಲೇ ಹಾಕಿದ್ನಿ."

ಸಂಗೀತಾ ಬಯ್ಯಲಿಲ್ಲ. ಬಯ್ದಿದ್ದರೆ ಭರಮಮ್ಮನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ದೇವರು ಮನಸ್ಸನ್ನು ನೋಡುತ್ತಾನೆ ಎನ್ನುತ್ತಾರೆ ನಮ್ಮ ಕಡೆ; ಸುಟ್ಟ ಚರ್ಮಕ್ಕೆ ಮನಸ್ಸು ಕಾಣುವುದಿಲ್ಲ.

"ಬಿಡಬೇ ಯವ್ವಾ, ನೀ ಏನ್ ಬೇಕಂತ—"

ಮಾತು ಮುಗಿಯುವುದರೊಳಗೆ ನೋವು ಬಂತು. ಹೊನ್ನೂರಸ್ವಾಮಿ ಮಂಚದ ಮೇಲೆ ಮುರುಟಿಕೊಂಡ. ತಾಯಿ ಧಾವಿಸಿದಳು. ಎರಡೂ ಕೈಗಳು ಅವನ ಬೋಳು ತಲೆಯವರೆಗೆ ಹೋಗಿ, ಮುಟ್ಟಲು ಅಂಜಿ, ಗಾಳಿಯಲ್ಲೇ ನಿಂತವು.