ಎಪ್ಪತ್ತೇಳನೇ ನಂಬರಿನಾಕಿ

ಹಳದಿ, ಮತ್ತೊಂದು ಹಳದಿ, ಪರದೆ ತುಂಬ ಕೆಂಪು ಹಸಿರಿನ ನಡಕ ಈ ಸಾಲು ಕಣ್ಣಿಗೆ ಚುಚ್ಚತೈತಿ, ಮ್ಯಾಲೆ ಫ್ಯಾನು ಕಟಕಟ ಅನ್ನಾಕತ್ತೈತಿ, ಒಂದ ಮಾತಿಗೆ ಎರಡು ತಂಡದವ್ರು ಬ್ಯಾರೆ ಬ್ಯಾರೆ ಬಣ್ಣ ಕೊಟ್ರ ಅದು ಹಳದಿ ಆಗಿ ನನ್ನ ಕಡೆ ಬರಬೇಕು, ನಿಯಮ ನಂದ — ಗುಲ್ನಾಜ ಮೇಡಂ ಹೇಳ್ಯಾರ ಅಂತ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಊರಿನ ಕಾಲೇಜು ಹುಡುಗ್ರು ಒಂದು ತಿಂಗಳಿಂದ ಕುಂತು, ಧಾರಾವಾಹಿ ಸೊಸಿ ಸುಲಕ್ಷಣಾ ಬಗ್ಗೆ ಮಂದಿ ಮೊಬೈಲಿನ್ಯಾಗ ಬರದ ನಾಲ್ಕು ಸಾವಿರ ಕಾಮೆಂಟು ಓದಿ, ಪ್ರೀತಿ ಇದ್ರ ಹಸಿರು, ಸಿಟ್ಟು ಇದ್ರ ಕೆಂಪು, ಎರಡೂ ಅಲ್ಲಂದ್ರ ಬೂದು ಬಣ್ಣ ಹಚ್ಚಾಕತ್ತಾರ, ಶುಕ್ರವಾರ ವರದಿ ಕೊಡಬೇಕು, ಇವತ್ತ ಬುಧವಾರ. ಸುಲಕ್ಷಣಾ ಹೊಡೆಯೋ ಗಂಡನ್ನ ಬಿಟ್ಟು ತವರಿಗೆ ಬಂದಾಕಿ, ಅದಕ್ಕ ಕೆಂಪ ಹೆಚ್ಚು, ಸೊಕ್ಕಿನಾಕಿ, ಮನಿ ಮುರಕಿ, ಇಂಥಾಕಿಗೆ ಇನ್ನೂ ಎರಡು ಬಿಗೀಬೇಕಿತ್ತು — ಮುಂಡರಗಿ ತಂಡದ ಶೈಲಾ, ಡೋಣಿಯಿಂದ ದಿನಾ ಬಸ್ಸಿಗೆ ಬರೋ ಹುಡುಗಿ, ಮೊನ್ನೆ ಫೋನ್ ಮಾಡಿ, ಇವನ್ನ ಓದಿ ಓದಿ ಊಟ ಸೇರವಲ್ದು ಮೇಡಂ ಅಂದ್ಳು, ನಾ ಏನಂದೆ, ಕಣ್ಣಿಗೆ ಕಂಡದ್ದಕ್ಕ ಬಣ್ಣ ಹಚ್ಚವ್ವ, ಎದಿಗೆ ಹಚ್ಚಿಕೊಬ್ಯಾಡ, ಅದು ನಾಟಕ, ಖರೆ ಹೆಂಗಸಲ್ಲ, ಎಷ್ಟು ಛಂದ ಹೇಳಿದೆ, ನನ್ನ ದನಿ ನನಗ ಛಂದ ಕೇಳಿಸಿತ್ತು. ಈಗ ಈ ಹಳದಿ, ಎಪ್ಪತ್ತೇಳನೇ ನಂಬರಿನಾಕಿ ಬರದದ್ದು. ಆ ಮನಿಗೆ ತಿರಗಿ ಹೋಗಬ್ಯಾಡ ಕತ್ತರಿ ಬಾಗಲಾ ನಾ ತಗೀತೀನಿ ಬಾ. ಶಿರಹಟ್ಟಿಯವ್ರು ಕೆಂಪು, ಮುಂಡರಗಿಯವ್ರು ಹಸಿರು. ಶಿರಹಟ್ಟಿ ತಂಡದ ಗವಿಸಿದ್ದೇಶನ್ನ ಫೋನಿನ್ಯಾಗ ಕೇಳಿದ್ರ, ಕತ್ತರಿ ನಾಲಿಗಿಯಾಕಿ ಅಂತ ಬೈದಂಗ ಅಲ್ರಿ ಮೇಡಂ, ಶೈಲಾನ್ನ ಕೇಳಿದ್ರ, ಬೈಯೋರು ಬಾಗಲಾ ತಗೀತಾರೇನ್ರಿ ಮೇಡಂ — ಆತು, ನೋಡಿ ಹೇಳ್ತೀನಿ ಅಂದು ಫೋನಿಟ್ಟೆ, ನೋಡೋದೇನೈತಿ.

ಕತ್ತರಿ ಅಂತ ನಾ ಬಲ್ಲಂಗ ಒಬ್ಬಾಕಿನ್ನ ಕರೀತಾರ, ನನ್ನ ತಂಗಿ ತಬಸ್ಸುಮನ್ನ, ಬೆಟಗೇರಿಯ ನಮ್ಮ ಓಣ್ಯಾಗ, ಮನ್ಯಾಗ ನಾವು ಉರ್ದು ಆಡಿದ್ರೂ ಈ ಹೆಸರು ಮಾತ್ರ ಕನ್ನಡದ್ದು, ಬಾಜೂ ಮನಿ ಅಮೃತವ್ವ ಇಟ್ಟದ್ದು, ಅಮ್ಮಾ ಹೊಲಿಗಿ ಮಷೀನ ತುಳಿಯೋವಾಗ ಐದು ವರ್ಷದ ತಬಸ್ಸುಮ ಕೆಳಗ ಕುಂತು ಅಮೃತವ್ವನ ಹೊಸಾ ಜಂಪರಿನ ತೋಳು ಕಚಕ್ಕನ ಕತ್ತರಿಸಿ ನಕ್ಕಾಗ — ಅಮ್ಮಾಗ ಬರಿಯಾಕ ಬರಂಗಿಲ್ಲ, ನನ್ನ ಹಳೇ ಮೊಬೈಲು ಕೊಟ್ಟು, ಈ ಮೈಕ್ ಒತ್ತಿ ಕನ್ನಡದಾಗ ಮಾತಾಡಿದ್ರ ಅಕ್ಷರ ಬೀಳ್ತಾವ ಅಂತ ಕಲಿಸಿದಾಕಿ ನಾನ, ಬರದವ್ರು ಯಾರಂತ ಗೊತ್ತಾಗಬಾರದು, ಹೆಸರು ತಗದು ನಂಬರ ಹಾಕ್ರಿ ಅಂತ ಹುಡುಗ್ರಿಗೆ ಹೇಳಿದಾಕಿನೂ ನಾನ, ಎಪ್ಪತ್ತೇಳು, ನಮ್ಮ ಅಮ್ಮಾ ಎಪ್ಪತ್ತೇಳನೇ ನಂಬರು. ಆ ನಂಬರಿನ್ವು ಹುಡುಕಿದೆ, ಹತ್ತೊಂಬತ್ತು ಬಂದುವು, ಎಲ್ಲಾ ಮಧ್ಯಾಹ್ನದ್ದು, ನಾ ಕಾಲೇಜಿನ್ಯಾಗ ಇರೂ ಹೊತ್ತಿನ್ವು, ಉಂಡಿ ಏನವಾ, ಮುಖ ಯಾಕ ಬಾತೈತಿ — ಅವತ್ತ ಸುಲಕ್ಷಣಾನ ಮುಖ ಬಾತಿರಲಿಲ್ಲ, ಯಾರದೋ ಮದವಿ ಸೀನು, ಸಂಬಂಧ ಇಲ್ಲದ ಮಾತು ಅಂತ ಹುಡುಗ್ರು ಬೂದು ಹಚ್ಚ್ಯಾರ — ನಿನ್ನ ಎತ್ತಿ ಆಡಿಸಿದ ಕೈಲೇ ಬಾಗಲಾ ಹಾಕಿದೆ, ಬೂದು, ಅಕ್ಕನ ಕೂಡ ಬಸ್ಸಿಗೆ ಕಳಿಸಬಾರದಿತ್ತು, ಬೂದು. ಅಕ್ಕನ ಕೂಡ. ಏಪ್ರಿಲ್ ತಿಂಗಳು, ತಬಸ್ಸುಮ ಲಕ್ಷ್ಮೇಶ್ವರದಿಂದ ಮೊದಲನೇ ಬಸ್ಸಿಗೆ ಕೈ ಬೀಸಿಕೋತ ಬಂದು, ಅಝೀಮ ದಿನಾ ಹೊಡೀತಾನ, ನಾ ತಿರಗಿ ಹೋಗಂಗಿಲ್ಲ ಅಂದ್ಳು, ಅಮ್ಮಾ ಹೊಸ್ತಿಲದಾಗ ನಿಂತು, ಗಂಡನ ಮನ್ಯಾಗ ಇದೆಲ್ಲಾ ಇರೋದ, ಓಣಿಗೆ ಖಬರ ಆಗೂದ್ರಾಗ ಹೋಗು ಅಂತ ಬಾಗಲಾ ಹಾಕಿಬಿಟ್ಲು, ಮತ್ತ ನಾನು, ಓದಿದಾಕಿ, ಹುಡುಗ್ರಿಗೆ ಹೆಣ್ಣಿನ ಹಕ್ಕು ಅಂತ ಪಾಠ ಹೇಳಾಕಿ, ಮರುದಿನ ಧಾರವಾಡಕ್ಕ ಪೇಪರು ತಿದ್ದಾಕ ಹೋಗಬೇಕಿತ್ತು, ಆಕಿನ್ನ ಬಸ್ ಸ್ಟ್ಯಾಂಡಿಗೆ ಕರಕೊಂಡು ಹೋದೆ, ಕಿಟಕಿ ಸೀಟು ಹಿಡದು ಕೊಟ್ಟೆ, ಮುಟ್ಟಿದ ಮ್ಯಾಲೆ ಫೋನ್ ಮಾಡು ಅಂದೆ, ಆಕಿ ಮಾಡಲಿಲ್ಲ, ನಾನೂ ಮಾಡಲಿಲ್ಲ, ಏಳು ತಿಂಗಳಾತು.

ಮಷೀನಿನ ಸದ್ದು ಓಣಿ ತುದಿಗೇ ಕೇಳತೈತಿ, ಅಮ್ಮಾ ಯಾರದೋ ಸೀರಿಗೆ ಫಾಲ್ ಹಚ್ಚಾಕತ್ತಾಳ, ಇವತ್ತ ಇಷ್ಟ ಜಲ್ದಿ ಬಂದಿ ಅಂತ ತಲಿ ಎತ್ತದ ಕೇಳ್ತಾಳ, ನಾ ಫೋನ್ ತಗದು ಓದಿದೆ, ಉಂಡಿ ಏನವಾ, ಮುಖ ಯಾಕ ಬಾತೈತಿ, ಬಾಗಲಾ ನಾ ತಗೀತೀನಿ ಬಾ — ತುಳಿಯೋ ಕಾಲು ನಿಂತ್ರೂ ಗಾಲಿ ಇನ್ನೂ ನಾಲ್ಕು ಸುತ್ತು ತಿರಗಿ ನಿಂತಿತು. ಟೀವಿ ಒಳಗಿನಾಕಿ ತಿರಗಿ ಮಾತಾಡಂಗಿಲ್ಲ, ಅದಕ್ಕ ಆಕಿಗೆ ಹೇಳಾಕ ಬರ್ತಿತ್ತು, ಅಂದ್ಳು. ಬೈಬೇಕಂತ ಬಂದಿದ್ದೆ, ದಾರಿ ತುಂಬ ಮಾತು ಜೋಡಿಸಿಕೋತ ಬಂದಿದ್ದೆ, ಬೈಯಾಕ ನಾ ಯಾರು, ಕಿಟಕಿ ಸೀಟು ಹಿಡದು ಕೊಟ್ಟಾಕಿ, ಅಮ್ಮಾ ಏಳು ಅಂದೆ, ಎದ್ದು ಬುರ್ಖಾ ಹಾಕ್ಕೊಂಡ್ಳು, ಜೀವನಾ ಪೂರ್ತಿ ಮಂದಿ ಬಟ್ಟಿಗೆ ಗುಂಡಿ ಹಚ್ಚಿದಾಕಿ ತನ್ನ ಗುಂಡಿ ಒಂದು ತಪ್ಪಿ ಹಾಕ್ಕೊಂಡ್ಳು, ಲಕ್ಷ್ಮೇಶ್ವರದ ಬಸ್ಸು ಮುಳಗುಂದ ದಾಟಿತು, ಎರಡೂ ಕಡೆ ಹೊಲದಾಗ ಹತ್ತಿ ಒಡದು ಬೆಳ್ಳಗ, ಫೋನು ತೊಡಿ ಮ್ಯಾಲೆ ಗುರ್ ಅಂತೈತಿ, ಗವಿಸಿದ್ದೇಶ, ನಮ್ಮ ತಂಡದ್ದು ಮುಗೀತ್ರಿ ಮೇಡಂ, ಮುಂದೇನು — ಮುಂದೇನು ನನಗ ಎಲ್ಲಿ ಗೊತ್ತು, ಆಕಿ ಬಾಗಲಾ ತಗದ್ರ ಏನಂತ ಶುರು ಮಾಡಬೇಕು, ಅಝೀಮ ಇದ್ರ ಏನನ್ನಬೇಕು, ಮದವ್ಯಾಗ ನನಗ ಆಪಾ ಆಪಾ ಅಂತ ಎಷ್ಟು ಮೆತ್ತಗ ಮಾತಾಡಿದ್ದ, ಅಮ್ಮಾನ ಬೆರಳು ಮಡಿಲಿನ ಮೊಬೈಲ ತಿಕ್ಕಾಕತ್ತಾವ, ಅಮ್ಮಾ, ನಿಂಗ ಆಕಿ ನಂಬರ ಬಾಯಿಪಾಠ ಐತಿ ಅಲ್ಲ ಅಂದೆ, ಐತಿ ಅಂದ್ಳು, ನನಗೂ ಐತಿ.

ನೀಲಿ ಬಾಗಲಾ, ಬಣ್ಣ ಹೊಸಾದು. ಅಝೀಮ ಪಂಪಸೆಟ್ ರಿಪೇರಿ ಅಂಗಡಿಯಿಂದ ಮೂರಕ್ಕ ಉಣ್ಣಾಕ ಬರ್ತಾನ, ಈಗ ಎರಡೂವರಿ. ತಬಸ್ಸುಮ ಅರ್ಧ ಬಾಗಲಾ ತಗದು ನಿಂತ್ಲು, ಒಳಗ ಬರ್ರಿ ಅನ್ನಲಿಲ್ಲ, ಸೊರಗ್ಯಾಳ, ಟೀವಿ ಮುಂದ ಅಷ್ಟೆಲ್ಲಾ ಮಾತಾಡಿದ ಅಮ್ಮಾ ಮೊಬೈಲ ತಗದು ಆಕಿ ಕೈಗೆ ಕೊಟ್ಲು, ಓದು ಅಂದ್ಳು. ನಿಂತಲ್ಲೇ ಓದಿದ್ಳು, ಹತ್ತೊಂಬತ್ತೂ, ಹೆಬ್ಬೆರಳಲೇ ಸರಸಿ ಸರಸಿ, ಮೊಬೈಲ ಹಿಡದ ಆ ಕೈಯಾಗ ಕಿರಿಬೆರಳೊಂದು ಮಡಚಿಲ್ಲ, ನೆಟ್ಟಗ ಸೆಟದು ನಿಂತೈತಿ, ನಡುವಿನ ಗೆಣ್ಣು ದಪ್ಪ ಆಗೈತಿ, ಏಪ್ರಿಲಿನ್ಯಾಗ ಹಂಗ ಇರಲಿಲ್ಲ, ಕಿಟಕಿ ಸರಳು ಹಿಡದಾಗ ಐದೂ ಬೆರಳು ಮಡಚಿದ್ದುವು, ನಾ ನೋಡಿದ್ದೆ. ಓದಿ ಮೊಬೈಲ ತಿರಗಿ ಕೊಟ್ಲು. ಟೀವಿಯಾಕಿಗೆ ಏಳು ತಿಂಗಳು ಹೇಳಿ, ನನಗ ಒಂದ ಫೋನ್ ಮಾಡಲಿಲ್ಲ ಅಮ್ಮಾ — ಅಷ್ಟ, ಸಿಟ್ಟ ಇಲ್ಲದ ದನಿ, ಹೋಗ್ರಿ, ಆತ ಬರೂ ಹೊತ್ತಾತು, ಬಾಗಲಾ ಹಾಕ್ಕೊಂಡ್ಳು, ಒಳಗಿಂದ ಚಿಲಕ ಬಿತ್ತು. ನಾ ಅಮ್ಮಾನ ತೋಳು ಹಿಡದೆ, ನಡಿ, ಅಮ್ಮಾ ಬಿಡಿಸಿಕೊಂಡು ಮೆಟ್ಟಲ ಮ್ಯಾಲೆ ಕುಂತ್ಲು, ಆತ ಬರ್ಲಿ, ನಾ ಏಳಂಗಿಲ್ಲ, ಆಕಿನ್ನ ಬಿಟ್ಟು ಬಸ್ಸು ಹತ್ತಂಗಿಲ್ಲ, ಜೋರಾಗೇ ಅಂದ್ಳು, ಎದುರು ಮನಿ ಹೆಂಗಸು ಅಕ್ಕಿ ಆರಿಸೋದು ಬಿಟ್ಟು ನೋಡಾಕತ್ತಾಳ, ನೋಡಲಿ, ನಾನೂ ಕುಂತೆ, ಕಲ್ಲು ಕಾಯ್ದೈತಿ, ಎರಡೂಮುಕ್ಕಾಲು, ಒಳಗ ಸದ್ದಿಲ್ಲ, ಆಕಿ ಬೆರಳಿನ ಎಲುಬು ಮುರದಾಗ ಯಾರು ಕಟ್ಟಿದ್ರು, ಯಾರೂ ಕಟ್ಟಿಲ್ಲ, ಅದಕ್ಕ ಹಂಗ ಸೆಟದು ಕೂಡೈತಿ, ಯಾವ ತಿಂಗಳು ಅದು, ಜೂನೋ, ಆಗಸ್ಟೋ, ಆ ಬೆರಳು ಬಾತು ಆಕಿ ಒಬ್ಬಾಕಿ ಕುಂತಿದ್ದಾಗ ನಾ ಎಲ್ಲಿದ್ದೆ, ಯಾವ ಹುಡುಗ್ರ ಮುಂದ ನಿಂತು ಏನ ಹೇಳಾಕತ್ತಿದ್ದೆ — ಓಣಿ ತಿರುವಿನ್ಯಾಗ ಮೋಟರಸೈಕಲ್, ಅಮ್ಮಾನ ಬೆನ್ನು ನೆಟ್ಟಗಾತು, ಅವ ಅಲ್ಲ, ಬ್ಯಾರೆ ಯಾರೋ, ದಾಟಿ ಹೋತು. ಒಳಗ ನೆಲದ ಮ್ಯಾಲೆ ಟ್ರಂಕು ಎಳದ ಸದ್ದು. ಮತ್ತ ಸುಮ್ಮನ. ಮತ್ತ ಚಿಲಕ. ಸಂದಿಯಿಂದ ಮೊದಲು ಚೀಲ ಹೊರಗ ಬಂತು, ಅರಿವಿ ತುರುಕಿದ ಚೀಲ, ಹಿಂದ ಆಕಿ ಕೈ, ಅಮ್ಮಾ ಎದ್ದು ತಗೊಳ್ಳಾಕ ಎರಡೂ ಕೈ ಚಾಚ್ಯಾಳ, ಬರ್ತಾಳ, ಬರಾಕತ್ತಾಳ ತಬಸ್ಸುಮ, ಆಕಿ ಮುಖ ನೋಡಬೇಕು ನಾನು, ಕಣ್ಣು ಮ್ಯಾಲೆ ಏಳವಲ್ದು, ಚೀಲದ ಹಿಡಿಕಿ ಸುತ್ತ ನಾಲ್ಕು ಬೆರಳು ಬಿಗಿಯಾಗಿ ಮಡಚ್ಯಾವ, ಆ ಕಿರಿಬೆರಳು, ದಪ್ಪ ಗೆಣ್ಣಿಂದು, ಏನನ್ನೂ ಹಿಡೀದ, ನೆಟ್ಟಗ, ಗಾಳ್ಯಾಗ, ನೆಟ್ಟಗ —